ಗರ್ಭಕೋಶ ತೆಗೆದ ಮೇಲೂ ಕರೆಂಟ್ ಯಾಕೆ? ಆಪರೇಷನ್‌ಗೆ ಮೊದಲೇ ಕೇಳಬೇಕಾದ ಪ್ರಶ್ನೆ

"ಗರ್ಭಕೋಶವನ್ನೇ ತೆಗೆದಾಯ್ತಲ್ಲ, ಇನ್ನು ಕರೆಂಟ್ ಕೊಡೋದು ಯಾಕೆ?" ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಈ ಪ್ರಶ್ನೆಯನ್ನು ಬಹಳ ಸಲ ಕೇಳಿದ್ದೇನೆ. ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಅಂತ ಗೊತ್ತಾಗಿರುತ್ತದೆ, ಬೇಗ ಸಿಕ್ಕಿದೆ, ಆಪರೇಷನ್ ಮಾಡಿದರೆ ಸಾಕು ಅಂತ ಮಂಗಳೂರಿನಲ್ಲಿ ಹೇಳಿರುತ್ತಾರೆ, ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ, ಹೊಲಿಗೆ ಬಿಚ್ಚಿಸಲು ಹೋದ ದಿನ ಡಾಕ್ಟರು ರಿಪೋರ್ಟ್ ನೋಡಿ ಇನ್ನು ಐದು ವಾರ ರೇಡಿಯೇಷನ್, ನಮ್ಮವರು ಕರೆಂಟ್ ಅನ್ನುವುದು ಇದಕ್ಕೇ, ಬೇಕು ಅನ್ನುತ್ತಾರೆ. ಆಗ ಮನೆಯವರ ತಲೆಗೆ ಬರುವುದು ಎರಡೇ ಯೋಚನೆ. ಆಪರೇಷನ್ ಸರಿಯಾಗಲಿಲ್ಲ. ಇಲ್ಲವೇ ಕಾಯಿಲೆ ಮೊದಲೇ ಹರಡಿತ್ತು, ನಮಗೆ ಹೇಳದೆ ಮುಚ್ಚಿಟ್ಟರು.

ಹೆಚ್ಚಿನವರ ವಿಷಯದಲ್ಲಿ ಈ ಎರಡೂ ನಿಜ ಅಲ್ಲ. ಕ್ಯಾನ್ಸರ್ ಎಷ್ಟು ಆಳಕ್ಕೆ ಇಳಿದಿದೆ, ಅಕ್ಕಪಕ್ಕದ ಗಂಟುಗಳಿಗೆ ಹೋಗಿದೆಯಾ ಅನ್ನುವುದು ಪೂರ್ತಿ ಗೊತ್ತಾಗುವುದು ತೆಗೆದ ಭಾಗವನ್ನು ತೆಳ್ಳಗೆ ಕತ್ತರಿಸಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗಲೇ. ಹಾಗಾಗಿ ರೇಡಿಯೇಷನ್ ಬೇಕೋ ಬೇಡವೋ ಎಂಬ ಕೊನೆಯ ಮಾತು ಆಪರೇಷನ್ ಆದ ಮೇಲೆಯೇ ಬರುತ್ತದೆ. ಅದು ಸರಿ. ಆದರೆ ಅಂಥ ಮಾತು ಬರಬಹುದು ಅನ್ನುವುದನ್ನು ಮೊದಲೇ ಅಂದಾಜು ಮಾಡಬಹುದು, ಮಾಡಲೇಬೇಕು, ಆ ಅಂದಾಜನ್ನು ರೋಗಿಗೆ ಹೇಳಲೇಬೇಕು. ನನ್ನ ತಕರಾರು ಇರುವುದು ಇಲ್ಲಿ.

ಮೊದಲು ಆಪರೇಷನ್ ಬಗ್ಗೆ. ಗಡ್ಡೆ ಗರ್ಭಕಂಠದಲ್ಲೇ, ಅಂದರೆ ಗರ್ಭಕೋಶದ ಬಾಯಿಯಲ್ಲೇ ಇದ್ದು ನಾಲ್ಕು ಸೆಂಟಿಮೀಟರಿಗಿಂತ ಸಣ್ಣದಿದ್ದರೆ ಸಾಮಾನ್ಯವಾಗಿ ಆಪರೇಷನ್ ಒಳ್ಳೆಯ ದಾರಿ. ಇದು ಮುಟ್ಟಿನ ತೊಂದರೆಗೆ ಗರ್ಭಕೋಶ ತೆಗೆಯುವಂಥ ಆಪರೇಷನ್ ಅಲ್ಲ. ಗರ್ಭಕೋಶದ ಜೊತೆ ಅದರ ಎರಡು ಬದಿಯ ಅಂಗಾಂಶ, ಯೋನಿಯ ಮೇಲ್ಭಾಗದ ಸ್ವಲ್ಪ, ಸೊಂಟದ ಒಳಗಿನ ಲಿಂಫ್ ಗ್ರಂಥಿಗಳು (ಮೇಲೆ ಹೇಳಿದ ಗಂಟುಗಳು) ಎಲ್ಲವನ್ನೂ ತೆಗೆಯುತ್ತಾರೆ. ರ್‍ಯಾಡಿಕಲ್ ಹಿಸ್ಟರೆಕ್ಟಮಿ ಅನ್ನುವುದು ಇದಕ್ಕೇ. ಇದನ್ನು ಕ್ಯಾನ್ಸರ್ ಸರ್ಜನ್ನೇ ಮಾಡಬೇಕು. ಇನ್ನೊಂದು ವಿಷಯ: ಹೊಟ್ಟೆ ತೆರೆದೇ ಮಾಡಿಸಿಕೊಳ್ಳುವುದು ಒಳ್ಳೆಯದು. 2018ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ತೂತು ಮಾಡಿ ಆಪರೇಷನ್ ಮಾಡಿಸಿಕೊಂಡವರಲ್ಲಿ ನಾಲ್ಕೂವರೆ ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸದೆ ಉಳಿದವರು ನೂರಕ್ಕೆ 86, ಹೊಟ್ಟೆ ತೆರೆದು ಮಾಡಿಸಿಕೊಂಡವರಲ್ಲಿ 96.5. ಗಾಯ ಸಣ್ಣದು, ಬೇಗ ಮನೆಗೆ ಹೋಗಬಹುದು ಅಂತ ಹೇಳಿದರೆ ಈ ಲೆಕ್ಕವನ್ನೂ ಕೇಳಿ.

ಇನ್ನು ಆ ರಿಪೋರ್ಟ್. ಹೆಚ್ಚಿನವರು ಅದನ್ನು ಮಡಚಿ ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ಬಿಡುತ್ತಾರೆ, ಇಂಗ್ಲಿಷಿನಲ್ಲಿದೆ ಅಂತ. ಬಿಡಿಸಿ ನೋಡಿ. ಎರಡು ಮೂರು ಪುಟ ಇರುತ್ತದೆ, ನೋಡಬೇಕಾದ್ದು ಆರೇ ಸಂಗತಿ. ಗಡ್ಡೆಯ ಅಳತೆ ಎಷ್ಟು ಸೆಂಟಿಮೀಟರ್. ಗರ್ಭಕಂಠದ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ: ಗೋಡೆ 15 ಮಿಲಿಮೀಟರ್ ದಪ್ಪ ಇದ್ದು ಕ್ಯಾನ್ಸರ್ 11 ಮಿಲಿಮೀಟರ್ ಹೋಗಿದ್ದರೆ ಅದು ಕೊನೆಯ ಮೂರನೇ ಒಂದು ಭಾಗವನ್ನು ಮುಟ್ಟಿದೆ ಅಂತ ಅರ್ಥ. ಮೂರನೆಯದು ಲಿಂಫೋವ್ಯಾಸ್ಕ್ಯುಲರ್ ಇನ್ವೇಷನ್ ಎಂಬ ಸಾಲು. ಅಡಿಕೆ ತೋಟದ ಕಣಿಯಲ್ಲಿ ನೀರು ಹರಿಯುವ ಹಾಗೆ ನಮ್ಮ ಮಾಂಸದೊಳಗೆ ಸಣ್ಣ ಸಣ್ಣ ನಾಳಗಳಿರುತ್ತವೆ, ಅವುಗಳೊಳಗೆ ಕ್ಯಾನ್ಸರ್ ಕಣ ಕಂಡಿದ್ದರೆ ಈ ಸಾಲಿನ ಮುಂದೆ ಪ್ರೆಸೆಂಟ್ ಅಂತ ಬರೆದಿರುತ್ತಾರೆ. ನಾಲ್ಕನೆಯದು ಲಿಂಫ್ ಗ್ರಂಥಿಗಳ ಲೆಕ್ಕ. 0/18 ಅಂತಿದ್ದರೆ ಹದಿನೆಂಟು ಗ್ರಂಥಿ ಪರೀಕ್ಷೆ ಮಾಡಿ ಒಂದರಲ್ಲೂ ಸಿಕ್ಕಿಲ್ಲ. ಐದನೆಯದು ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇದೆಯಾ. ಆರನೆಯದು ಬದಿಯ ಅಂಗಾಂಶಕ್ಕೆ, ಅಂದರೆ ಪ್ಯಾರಾಮೀಟ್ರಿಯಂಗೆ ಹೋಗಿದೆಯಾ.

ಕೊನೆಯ ಮೂರರಲ್ಲಿ ಒಂದು ಇದ್ದರೂ ಸಾಕು, ಅಪಾಯ ಜಾಸ್ತಿ. ಗ್ರಂಥಿಯಲ್ಲಿ, ಅಂಚಿನಲ್ಲಿ, ಬದಿಯ ಅಂಗಾಂಶದಲ್ಲಿ. ಇಲ್ಲಿ ವೈದ್ಯರ ನಡುವೆ ವಾದ ಇಲ್ಲ. ರೇಡಿಯೇಷನ್ ಬೇಕು, ಜೊತೆಗೆ ಕೀಮೋ ಕೂಡ ಬೇಕು. 2000ನೇ ಇಸವಿಯಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಇಂಥ ಹೆಂಗಸರಿಗೆ ಬರೀ ರೇಡಿಯೇಷನ್ ಕೊಟ್ಟಾಗ ನಾಲ್ಕು ವರ್ಷಕ್ಕೆ ನೂರಕ್ಕೆ 71 ಜನ ಬದುಕಿದ್ದರು, ಕೀಮೋ ಸೇರಿಸಿ ಕೊಟ್ಟಾಗ 81. ನೂರು ಮನೆಗಳಲ್ಲಿ ಹತ್ತು ತಾಯಂದಿರು ಅಂದರೆ ಸಣ್ಣ ಮಾತಲ್ಲ. ಈ ಗುಂಪಿನಲ್ಲಿ ಬಂದವರು ದಯವಿಟ್ಟು ನಾಟಿ ಮದ್ದು, ಗೋಮೂತ್ರ, ಕಷಾಯ ಅಂತ ತಿಂಗಳುಗಟ್ಟಲೆ ಕಳೆಯಬೇಡಿ. ಆಪರೇಷನ್ ಆಗಿ ನಾಲ್ಕರಿಂದ ಆರು ವಾರದೊಳಗೆ, ಗಾಯ ಮಾಗಿದ ಕೂಡಲೇ ಶುರುವಾಗಬೇಕು.

ಈ ಮೂರೂ ಇಲ್ಲ, ಗಡ್ಡೆ ಸಣ್ಣದು, ಆಳಕ್ಕೆ ಇಳಿದಿಲ್ಲ, ನಾಳಗಳೂ ಸ್ವಚ್ಛ ಅಂದರೆ ಮತ್ತೇನೂ ಬೇಡ. ಚೆಕಪ್ಪಿಗೆ ಹೋಗುತ್ತಿದ್ದರೆ ಆಯಿತು.

ಕಷ್ಟ ಇರುವುದು ನಡುವಿನವರಿಗೆ. ಗ್ರಂಥಿಯಲ್ಲಿ ಇಲ್ಲ, ಅಂಚು ಸ್ವಚ್ಛ ಇದೆ, ಆದರೆ ಗಡ್ಡೆ ದೊಡ್ಡದು, ಆಳಕ್ಕೆ ಇಳಿದಿದೆ, ನಾಳದಲ್ಲೂ ಕಣ ಕಂಡಿದೆ. ಈ ಮೂರು ಅಂಶಗಳನ್ನು ಬೇರೆ ಬೇರೆ ರೀತಿಯಲ್ಲಿ ಕೂಡಿಸಿ ನೋಡುವ ಲೆಕ್ಕಕ್ಕೆ ಸೆಡ್ಲಿಸ್ ಮಾನದಂಡ ಅನ್ನುತ್ತಾರೆ. ಉದಾಹರಣೆಗೆ, ನಾಳದಲ್ಲಿ ಕಣ ಇದ್ದು ಕೊನೆಯ ಮೂರನೇ ಭಾಗದ ತನಕ ಇಳಿದಿದ್ದರೆ ಗಡ್ಡೆ ಎಷ್ಟೇ ಸಣ್ಣದಿರಲಿ ರೇಡಿಯೇಷನ್ ಯೋಚಿಸಬೇಕು. ನಾಳದಲ್ಲಿ ಏನೂ ಇಲ್ಲದಿದ್ದರೆ, ನಡುವಿನ ಭಾಗಕ್ಕೋ ಅದಕ್ಕಿಂತ ಆಳಕ್ಕೋ ಇಳಿದು ಗಡ್ಡೆ ನಾಲ್ಕು ಸೆಂಟಿಮೀಟರ್ ಮುಟ್ಟಿದರೆ ಮಾತ್ರ. ಈ ಲೆಕ್ಕ ಬಂದದ್ದು 1999ರಲ್ಲಿ ಪ್ರಕಟವಾದ, 277 ಹೆಂಗಸರ ಮೇಲೆ ನಡೆದ ಒಂದು ಅಧ್ಯಯನದಿಂದ. ಅರ್ಧದಷ್ಟು ಜನರಿಗೆ ಆಪರೇಷನ್ ನಂತರ ರೇಡಿಯೇಷನ್ ಕೊಟ್ಟರು, ಉಳಿದವರಿಗೆ ಏನೂ ಕೊಡಲಿಲ್ಲ. ಕೊಡದವರಲ್ಲಿ ನೂರಕ್ಕೆ 28 ಜನರಿಗೆ ಕಾಯಿಲೆ ಮರುಕಳಿಸಿತು. ಕೊಟ್ಟವರಲ್ಲಿ 15 ಜನರಿಗೆ.

ಈ ಎರಡು ಅಂಕಿಗಳನ್ನು ನಿಧಾನಕ್ಕೆ ನೋಡಿ. ನಡುವಿನ ಗುಂಪಿನ ನೂರು ಹೆಂಗಸರನ್ನು ತೆಗೆದುಕೊಂಡರೆ ಸುಮಾರು 72 ಜನರಿಗೆ ರೇಡಿಯೇಷನ್ ಕೊಡದಿದ್ದರೂ ಕಾಯಿಲೆ ಬರುತ್ತಿರಲಿಲ್ಲ. 15 ಜನರಿಗೆ ಕೊಟ್ಟರೂ ಬಂತು. ಲಾಭ ಆದದ್ದು ನಡುವಿನ 13 ಜನರಿಗೆ. ಆ 13ರಲ್ಲಿ ನೀವು ಇದ್ದೀರಾ ಅಂತ ಮೊದಲೇ ಹೇಳುವ ಪರೀಕ್ಷೆ ಇನ್ನೂ ಬಂದಿಲ್ಲ, ಅದಕ್ಕೇ ನೂರು ಜನರಿಗೂ ಕೊಡುತ್ತಾರೆ. ತೀವ್ರವಾದ ಅಡ್ಡಪರಿಣಾಮ ಆದದ್ದು ಕೊಟ್ಟವರಲ್ಲಿ ನೂರಕ್ಕೆ ಆರರಷ್ಟು ಜನರಿಗೆ, ಕೊಡದವರಲ್ಲಿ ಎರಡರಷ್ಟು. 2006ರಲ್ಲಿ ಮತ್ತೆ ಲೆಕ್ಕ ಹಾಕಿದಾಗಲೂ ಕಾಯಿಲೆ ಮರುಕಳಿಸುವುದು ಕಮ್ಮಿಯಾದದ್ದು ಸ್ಪಷ್ಟವಾಗಿ ಕಂಡಿತು. ಆದರೆ ಬದುಕುಳಿದವರ ಸಂಖ್ಯೆಯಲ್ಲಿ ಕಂಡ ವ್ಯತ್ಯಾಸ ಖಚಿತವಾಗಿ ರೇಡಿಯೇಷನ್‌ನಿಂದಲೇ ಅನ್ನುವಷ್ಟು ದೊಡ್ಡದಿರಲಿಲ್ಲ.

ಹಾಗಾದರೆ ಇವರಿಗೆ ಕೀಮೋ ಕೂಡ ಸೇರಿಸಿದರೆ ಇನ್ನೂ ಒಳ್ಳೆಯದಾಗುತ್ತದಾ? ತುಂಬ ಕಡೆ ಹಾಗೆ ಅಂದುಕೊಂಡೇ ಕೊಡುತ್ತಾ ಬಂದಿದ್ದರು. 2025ರಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಅಮೆರಿಕ ಮತ್ತು ಕೊರಿಯಾದವರು ಸೇರಿ ಮಾಡಿದ ಅಧ್ಯಯನದಲ್ಲಿ ಮೂರು ವರ್ಷಕ್ಕೆ ಕಾಯಿಲೆ ಮರುಕಳಿಸದೆ ಇದ್ದವರು ಬರೀ ರೇಡಿಯೇಷನ್ ಗುಂಪಿನಲ್ಲಿ ನೂರಕ್ಕೆ ಸುಮಾರು 85, ಕೀಮೋ ಸೇರಿಸಿದ ಗುಂಪಿನಲ್ಲಿ 88. ಈ ಸಣ್ಣ ವ್ಯತ್ಯಾಸ ಕೀಮೋದಿಂದಲೇ ಅಂತ ಹೇಳುವ ಹಾಗಿರಲಿಲ್ಲ. ತೀವ್ರ ತೊಂದರೆ ಆದವರು ಮಾತ್ರ ನೂರಕ್ಕೆ 15ರಿಂದ 43ಕ್ಕೆ ಏರಿದ್ದರು. ಹಾಗಾಗಿ ನಡುವಿನ ಗುಂಪಿನವರಿಗೆ ಯಾರಾದರೂ ಕೀಮೋ ಕೂಡ ಬೇಕೆಂದರೆ, ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ. ಈಗ ಯುರೋಪಿನಲ್ಲಿ ಇನ್ನೂ ಮೂಲದ ಪ್ರಶ್ನೆಯನ್ನೇ ಹಿಡಿದುಕೊಂಡು ಸರ್ವಾಂಟಿಸ್ ಎಂಬ ಅಧ್ಯಯನ ಶುರು ಮಾಡಿದ್ದಾರೆ: ಈ ನಡುವಿನವರಿಗೆ ಒಳ್ಳೆಯ ಆಪರೇಷನ್ ಆದ ಮೇಲೆ ರೇಡಿಯೇಷನ್ನೇ ಬೇಕಾ? 1999ರ ಲೆಕ್ಕ ಹಳೆಯದು, ಆಗಿನ ಸ್ಕ್ಯಾನ್, ಆಗಿನ ಯಂತ್ರ ಬೇರೆ. ಆ ಉತ್ತರ ಬರುವ ತನಕ ನಾನಂತೂ ಸೆಡ್ಲಿಸ್ ಲೆಕ್ಕಕ್ಕೆ ಬಿದ್ದವರು ರೇಡಿಯೇಷನ್ ಬಿಡಬೇಡಿ ಅಂತಲೇ ಹೇಳುತ್ತೇನೆ. ಕ್ಯಾನ್ಸರ್ ಸೊಂಟದಲ್ಲಿ ಮರುಕಳಿಸಿದರೆ ಅದನ್ನು ಹಿಡಿಯುವುದು ಮೊದಲ ಸಲಕ್ಕಿಂತ ಬಹಳ ಕಷ್ಟ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಆರಂಭದ ಹಂತದ ಗರ್ಭಕಂಠ ಕ್ಯಾನ್ಸರನ್ನು ಆಪರೇಷನ್ ಇಲ್ಲದೆ ಬರೀ ರೇಡಿಯೇಷನ್‌ನಿಂದಲೂ ಗುಣಪಡಿಸಬಹುದು. ಇದು ನಮ್ಮ ಕಡೆ ತುಂಬ ಜನರಿಗೆ ಗೊತ್ತೇ ಇಲ್ಲ. 1997ರಲ್ಲಿ ಇಟಲಿಯ ಲ್ಯಾಂಡೋನಿ ಮತ್ತು ಜೊತೆಯವರು 343 ಹೆಂಗಸರ ಮೇಲೆ ಮಾಡಿದ ಅಧ್ಯಯನದಲ್ಲಿ ಅರ್ಧ ಜನರಿಗೆ ಆಪರೇಷನ್, ಅರ್ಧ ಜನರಿಗೆ ನೇರ ರೇಡಿಯೇಷನ್. ಐದು ವರ್ಷಕ್ಕೆ ಬದುಕುಳಿದವರು ಎರಡೂ ಕಡೆ ನೂರಕ್ಕೆ 83. ಒಂದಿಷ್ಟೂ ವ್ಯತ್ಯಾಸ ಇಲ್ಲ. ತೀವ್ರ ತೊಂದರೆ ಮಾತ್ರ ಆಪರೇಷನ್ ಕಡೆ 28, ರೇಡಿಯೇಷನ್ ಕಡೆ 12. ಯಾಕೆ ಹೀಗೆ ಅಂದರೆ ಆಪರೇಷನ್ ಮಾಡಿಸಿಕೊಂಡವರಲ್ಲಿ ನೂರಕ್ಕೆ 64 ಜನರಿಗೆ ಕೊನೆಗೆ ರೇಡಿಯೇಷನ್ ಕೂಡ ಬೇಕಾಯಿತು. ಗಡ್ಡೆ ನಾಲ್ಕು ಸೆಂಟಿಮೀಟರ್ ಮೀರಿದವರಲ್ಲಂತೂ 84 ಜನರಿಗೆ. ಎರಡೂ ಚಿಕಿತ್ಸೆ ಆದವರು ಎರಡರ ನೋವನ್ನೂ ತಿಂದರು, ಗುಣ ಮಾತ್ರ ಒಂದರಷ್ಟೇ.

ಆದ್ದರಿಂದ ಈಗಿನ ನಿಯಮ ಏನೆಂದರೆ, ಯಾವುದಾದರೂ ಒಂದೇ ಚಿಕಿತ್ಸೆಯಲ್ಲಿ ಮುಗಿಯುವ ಹಾಗೆ ಮೊದಲೇ ಯೋಜನೆ ಹಾಕಬೇಕು. ಆಪರೇಷನ್‌ಗೆ ಮೊದಲು ಎಂಆರ್‌ಐ ಮಾಡಿದರೆ ಗಡ್ಡೆಯ ಅಳತೆ, ಆಳ, ಬದಿಗೆ ಹೋಗಿದೆಯಾ ಅನ್ನುವುದು ಬಹಳ ಮಟ್ಟಿಗೆ ಕಾಣುತ್ತದೆ. ಗ್ರಂಥಿ ದೊಡ್ಡದಾಗಿದೆಯಾ ಅಂತಲೂ ಸ್ಕ್ಯಾನಿನಲ್ಲಿ ನೋಡಬಹುದು. 2018ರಲ್ಲಿ ಬದಲಾದ ಹಂತಗಳ ಪಟ್ಟಿಯಲ್ಲಿ ಗ್ರಂಥಿಗೆ ಹೋದ ಕ್ಯಾನ್ಸರನ್ನು ನೇರ ಮೂರನೇ ಹಂತಕ್ಕೆ ಹಾಕಿದ್ದಾರೆ, ಅಂಥವರಿಗೆ ಮೊದಲಿನಿಂದಲೇ ಕೀಮೋ ಜೊತೆ ರೇಡಿಯೇಷನ್. ದೊಡ್ಡ ಗಡ್ಡೆಯನ್ನು ಕೀಮೋ ಕೊಟ್ಟು ಸಣ್ಣ ಮಾಡಿ ಆಮೇಲೆ ಆಪರೇಷನ್ ಮಾಡೋಣ ಅನ್ನುವ ಉಪಾಯವನ್ನು ಮುಂಬೈಯ ಟಾಟಾ ಮೆಮೋರಿಯಲ್‌ನವರೇ 600ಕ್ಕೂ ಹೆಚ್ಚು ಹೆಂಗಸರ ಮೇಲೆ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಕಾಯಿಲೆ ಮರುಕಳಿಸದೆ ಇರುವುದರಲ್ಲಿ ಗೆದ್ದದ್ದು ಆಪರೇಷನ್ ಅಲ್ಲ, ನೇರ ಕೀಮೋ ಮತ್ತು ರೇಡಿಯೇಷನ್.

ಹಾಗಾಗಿ ಆಪರೇಷನ್ ತಾರೀಕು ಗೊತ್ತು ಮಾಡುವ ಮೊದಲು ಡಾಕ್ಟರ ಹತ್ತಿರ ನೇರವಾಗಿ ಕೇಳಿ. "ಡಾಕ್ಟ್ರೇ, ಎಂಆರ್‌ಐ ನೋಡಿದರೆ ನನಗೆ ಆಪರೇಷನ್ ಆದ ಮೇಲೂ ರೇಡಿಯೇಷನ್ ಬೇಕಾಗುವ ಸಾಧ್ಯತೆ ಎಷ್ಟು? ಜಾಸ್ತಿ ಇದ್ದರೆ ಆಪರೇಷನ್ ಯಾಕೆ?" ಇದರಲ್ಲಿ ಸೊಕ್ಕೂ ಇಲ್ಲ, ಅನುಮಾನವೂ ಇಲ್ಲ. ಒಳ್ಳೆಯ ಡಾಕ್ಟರು ಖುಷಿಯಿಂದ ಉತ್ತರ ಕೊಡುತ್ತಾರೆ, ರೇಡಿಯೇಷನ್ ಡಾಕ್ಟರನ್ನೂ ಒಮ್ಮೆ ಕಾಣಿ ಅನ್ನುತ್ತಾರೆ. ಎರಡು ವಿಭಾಗದವರನ್ನೂ ಆಪರೇಷನ್‌ಗೆ ಮೊದಲೇ ಕಾಣುವುದು ರೋಗಿಯ ಹಠ ಆಗಬಾರದು, ಅದೇ ಕ್ರಮ ಆಗಬೇಕು.

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. ಬಿಳಿ ಹೋಗುತ್ತದೆ, ರಕ್ತ ಹೋಗುತ್ತದೆ, ಸೊಂಟ ನೋವು ಅಂತ ಹೋದ ಹೆಂಗಸಿಗೆ "ಮಕ್ಕಳಾಗಿದೆಯಲ್ಲ, ಗರ್ಭಕೋಶ ತೆಗೆದುಬಿಡೋಣ" ಅಂತ ಹೇಳುವ ಸಣ್ಣ ಆಸ್ಪತ್ರೆಗಳು ಕೇರಳ-ಕರ್ನಾಟಕ ಗಡಿಯ ಈಚೆಯೂ ಇವೆ, ಆಚೆಯೂ ಇವೆ. ನಮ್ಮ ನೆಂಟರಲ್ಲೇ ಒಬ್ಬರಿಗೆ ಹೀಗಾಯಿತು. ಗರ್ಭಕಂಠದ ಕಣಗಳನ್ನು ಒರೆಸಿ ತೆಗೆದು ನೋಡುವ ಪ್ಯಾಪ್ ಪರೀಕ್ಷೆ ಮಾಡಲಿಲ್ಲ, ಕಣ್ಣಾರೆ ಗರ್ಭಕಂಠ ನೋಡಲೂ ಇಲ್ಲ, ಸಾದಾ ಆಪರೇಷನ್ ಮಾಡಿ ಕಳಿಸಿದರು. ತೆಗೆದ ಗರ್ಭಕೋಶವನ್ನು ಪರೀಕ್ಷೆಗೆ ಕಳಿಸಿದಾಗ ಕ್ಯಾನ್ಸರ್. ಬದಿಯ ಅಂಗಾಂಶ ಒಳಗೇ ಉಳಿದಿದೆ, ಗ್ರಂಥಿಗಳನ್ನು ಯಾರೂ ಮುಟ್ಟಿಲ್ಲ. ಇಂಥವರಿಗೆ ಇನ್ನೊಂದು ದೊಡ್ಡ ಆಪರೇಷನ್ ಅಥವಾ ರೇಡಿಯೇಷನ್, ಹೆಚ್ಚಾಗಿ ರೇಡಿಯೇಷನ್ನೇ. ಗರ್ಭಕೋಶ ಇದ್ದಿದ್ದರೆ ಅದರೊಳಗೆ ನಳಿಗೆ ಇಟ್ಟು ಗಡ್ಡೆಗೇ ಜಾಸ್ತಿ ಡೋಸ್ ಕೊಡಬಹುದಿತ್ತು, ಈಗ ಆ ದಾರಿಯೂ ಮುಚ್ಚಿತು. ಖಾಲಿಯಾದ ಜಾಗಕ್ಕೆ ಕರುಳು ಇಳಿದು ಕೂತಿರುತ್ತದೆ, ಅದಕ್ಕೂ ಡೋಸ್ ಬೀಳುತ್ತದೆ.

2024ರಲ್ಲಿ ಒಂದು ಅಧ್ಯಯನ ಬಂತು. ಎರಡು ಸೆಂಟಿಮೀಟರ್‌ವರೆಗಿನ, ಅಪಾಯ ಕಮ್ಮಿ ಇರುವ ಗಡ್ಡೆಗೆ ಸಾದಾ ಆಪರೇಷನ್ನೂ ಸಾಕು ಅಂತ 700 ಹೆಂಗಸರಲ್ಲಿ ತೋರಿಸಿದರು. ಮೂರು ವರ್ಷಕ್ಕೆ ಸೊಂಟದಲ್ಲಿ ಮರುಕಳಿಸಿದ್ದು ಸಾದಾ ಆಪರೇಷನ್‌ನಲ್ಲಿ ನೂರಕ್ಕೆ 2.5, ದೊಡ್ಡ ಆಪರೇಷನ್‌ನಲ್ಲಿ 2.2. ಒಳ್ಳೆಯ ಸುದ್ದಿ. ಆದರೆ ಅಲ್ಲಿ ಕ್ಯಾನ್ಸರ್ ಅಂತ ಮೊದಲೇ ಗೊತ್ತಿತ್ತು, ಅಳತೆ ಮಾಡಿದ್ದರು, ಗ್ರಂಥಿಗಳನ್ನೂ ಪರೀಕ್ಷಿಸಿದ್ದರು. ನೋಡದೆ ಕತ್ತರಿಸಿದ್ದಕ್ಕೆ ಈ ಅಧ್ಯಯನವನ್ನು ಯಾರೂ ಗುರಾಣಿ ಮಾಡಿಕೊಳ್ಳಬಾರದು.

ಇದನ್ನೆಲ್ಲ ಈಗ ಬರೆಯಲು ಕಾರಣ ಇದೆ. 2025ರ ಫೆಬ್ರವರಿ 4ರಂದು ಕೇರಳ ಸರಕಾರ ದೊಡ್ಡ ಮಟ್ಟದಲ್ಲಿ ಕ್ಯಾನ್ಸರ್ ತಪಾಸಣೆ ಅಭಿಯಾನ ಶುರು ಮಾಡಿತು, ಹೆಂಗಸರ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿಗೆ ಅದರಲ್ಲಿ ಮೊದಲ ಜಾಗ. ದೇಶದಲ್ಲಿ 2022ರ ಅಂದಾಜಿನ ಪ್ರಕಾರ ವರ್ಷಕ್ಕೆ 1,27,000ಕ್ಕೂ ಹೆಚ್ಚು ಹೆಂಗಸರಿಗೆ ಈ ಕ್ಯಾನ್ಸರ್ ಬರುತ್ತದೆ, ಸುಮಾರು 80,000 ಜನ ಸಾಯುತ್ತಾರೆ. ತಪಾಸಣೆ ಹೆಚ್ಚಿದ ಹಾಗೆ ಬೇಗ ಪತ್ತೆಯಾಗುವವರೂ ಜಾಸ್ತಿ ಆಗುತ್ತಾರೆ, ಆಪರೇಷನ್ನಾ ರೇಡಿಯೇಷನ್ನಾ ಅನ್ನುವ ಪ್ರಶ್ನೆ ಇನ್ನೂ ಹೆಚ್ಚು ಮನೆಗಳಿಗೆ ಬರುತ್ತದೆ.

ರೇಡಿಯೇಷನ್ ಅಂದರೆ ಏನು ನಡೆಯುತ್ತದೆ? ಮೊದಲು ಸಿಟಿ ಸ್ಕ್ಯಾನ್ ಮಾಡಿ ನಕ್ಷೆ ಹಾಕುತ್ತಾರೆ, ಸೊಂಟದ ಮೇಲೆ ಚುಕ್ಕಿ ಗುರುತು ಇಡುತ್ತಾರೆ. ಆಮೇಲೆ ಸೋಮವಾರದಿಂದ ಶುಕ್ರವಾರ, ಸುಮಾರು 25 ದಿನ. ಮೇಜಿನ ಮೇಲೆ ಇರುವುದು ಹತ್ತು ಹದಿನೈದು ನಿಮಿಷ. ನೋವಿಲ್ಲ, ಬಿಸಿಯೂ ತಾಗುವುದಿಲ್ಲ, ಶಾಕ್ ಹೊಡೆಯುವುದೂ ಇಲ್ಲ. ತಲೆಗೂದಲು ಉದುರುವುದಿಲ್ಲ. ಮನೆಗೆ ಬಂದು ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಮೈಯಲ್ಲಿ ವಿಕಿರಣ ಉಳಿದಿರುವುದಿಲ್ಲ. ಪ್ರತಿದಿನ ಯಂತ್ರದ ಕೆಳಗೆ ಮಲಗುವ ಮೊದಲು ಮೂತ್ರ ಖಾಲಿ ಮಾಡಿ, ಹೇಳಿದಷ್ಟು ನೀರು ಕುಡಿದು, ಹೇಳಿದಷ್ಟು ಹೊತ್ತು ಕಾಯಬೇಕು. ಮೂತ್ರಕೋಶ ತುಂಬಿದಾಗ ಕರುಳನ್ನು ಮೇಲಕ್ಕೆ ತಳ್ಳುತ್ತದೆ, ಅಷ್ಟು ಕರುಳು ಸುಡುವುದು ತಪ್ಪುತ್ತದೆ. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್. ಬಸ್ಸಿನಲ್ಲಿ ಮೂತ್ರ ಬರಬಾರದು ಅಂತ ಬೆಳಗ್ಗಿನಿಂದ ನೀರೇ ಕುಡಿಯದೆ ಹೊರಡುವ ಹೆಂಗಸರು ನಮ್ಮಲ್ಲಿದ್ದಾರೆ. ಒಣಗಿದ ಮೈಗೆ ಆಸ್ಪತ್ರೆಯಲ್ಲಿ ನೀರು ಕುಡಿದರೂ ಮೂತ್ರಕೋಶ ಬೇಗ ತುಂಬುವುದಿಲ್ಲ. ಹಾಗೆ ಮಾಡಬೇಡಿ, ರೈಲಿನಲ್ಲಿ ಬನ್ನಿ, ಅಲ್ಲಿ ಶೌಚಾಲಯ ಇದೆ. ಕ್ಯಾನ್ಸರ್ ಚಿಕಿತ್ಸೆಗೆ ಹೋಗುವವರಿಗೆ ರೈಲಿನಲ್ಲಿ ಸೆಕೆಂಡ್ ಕ್ಲಾಸಿಗೆ ನೂರಕ್ಕೆ 75 ರಿಯಾಯಿತಿ, ಸ್ಲೀಪರಿಗೆ ಪೂರ್ತಿ ಉಚಿತ, ಜೊತೆಗೆ ಬರುವ ಒಬ್ಬರಿಗೂ 75 ಇದೆ. ಆಸ್ಪತ್ರೆಯಲ್ಲಿ ಫಾರ್ಮಿಗೆ ಸಹಿ ಹಾಕಿಸಬೇಕು, ಅಷ್ಟೇ.

ಯಂತ್ರದ ವಿಷಯದಲ್ಲೂ ಕೇಳಬೇಕಾದ್ದಿದೆ. ಟಾಟಾ ಮೆಮೋರಿಯಲ್‌ನ ಡಾ. ಸುಪ್ರಿಯಾ ಚೋಪ್ರಾ ಮತ್ತು ತಂಡ ಆಪರೇಷನ್ ಆದ ಮೇಲೆ ರೇಡಿಯೇಷನ್ ಬೇಕಾದ 300 ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದರು. 2021ರಲ್ಲಿ ಫಲಿತಾಂಶ ಬಂತು. ಹಳೆಯ ಮಾದರಿಯ ರೇಡಿಯೇಷನ್‌ನಲ್ಲಿ ಮೂರು ವರ್ಷದ ಹೊತ್ತಿಗೆ ಕರುಳಿನ ತೊಂದರೆ ಆದವರು ನೂರಕ್ಕೆ 42, ಸ್ಕ್ಯಾನ್ ನೋಡಿ ನೋಡಿ ಕೊಡುವ ಐಎಂಆರ್‌ಟಿಯಲ್ಲಿ 21. ಕ್ಯಾನ್ಸರ್ ಹಿಡಿತದಲ್ಲಿ ವ್ಯತ್ಯಾಸ ಇಲ್ಲ. ಅಂದರೆ ತೊಂದರೆ ಆಗಬಹುದಿದ್ದವರಲ್ಲಿ ಅರ್ಧಕ್ಕರ್ಧ ಜನ ಭೇದಿ, ಹೊಟ್ಟೆನೋವು, ಮದುವೆ ಮನೆಗೆ ಹೋಗಲು ಹೆದರಿಕೆ ಇವುಗಳಿಂದ ಪಾರಾದರು. ನಮ್ಮದೇ ದೇಶದ ಹೆಂಗಸರ ಮೇಲೆ ಸಾಬೀತಾದ ಮಾತು ಇದು. ಐಎಂಆರ್‌ಟಿ ದುಬಾರಿ ಅಂತ ಯೋಚಿಸುವಾಗ ಈ 21 ಮತ್ತು 42 ನೆನಪಿರಲಿ.

ಒಮ್ಮೆ ಶುರುವಾದ ಮೇಲೆ ನಡುವೆ ಬಿಡಬಾರದು. ಆಟಿಯ ಮಳೆ, ಮನೆಯ ಪೂಜೆ, ಅಡಿಕೆ ಕೊಯ್ಲು ಅಂತ ವಾರ ತಪ್ಪಿಸಿದರೆ ಉಳಿದ ಕಣಗಳು ಮತ್ತೆ ಬೆಳೆಯಲು ಸಮಯ ಕೊಟ್ಟ ಹಾಗೆ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರು ಮುಟ್ಟಲಾಗದೆ ಒದ್ದಾಡಿದ್ದು, ಕೆಲವರು ದಾರಿಯಲ್ಲೇ ತೀರಿಕೊಂಡದ್ದು, ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋದದ್ದು ಎಲ್ಲರಿಗೂ ನೆನಪಿದೆ. ಐದು ವಾರ ದಿನಾ ಗಡಿ ದಾಟುವ ಚಿಕಿತ್ಸೆ ಅಂದರೆ ಗಡಿಯ ಮೇಲೆ ನಂಬಿಕೆ ಇಡುವುದು. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋದರೆ ಗಡಿಯ ತೊಂದರೆ ಇಲ್ಲ, ಆದರೆ ನೂರು ಕಿಲೋಮೀಟರ್ ಮೀರುತ್ತದೆ, ಅಲ್ಲೇ ಉಳಿಯಬೇಕಾಗುತ್ತದೆ, ಮಲಯಾಳ ಬಾರದ ಅಜ್ಜಿಯಂದಿರಿಗೆ ಜೊತೆಗೆ ಒಬ್ಬರು ಬೇಕು. ಕೇರಳದ ಕಾರುಣ್ಯ ಯೋಜನೆಯ ಕಾರ್ಡಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ನೀವು ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೋ, ಆಪರೇಷನ್‌ಗೂ ರೇಡಿಯೇಷನ್‌ಗೂ ಎರಡಕ್ಕೂ ನಡೆಯುತ್ತದೋ ಅಂತ ಅಡ್ಮಿಟ್ ಆಗುವ ಮೊದಲೇ ಕೌಂಟರಿನಲ್ಲಿ ಕೇಳಿ. ಆಪರೇಷನ್ ಒಂದು ಕಡೆ ಮುಗಿಸಿ, ದುಡ್ಡು ಖಾಲಿಯಾಗಿ, ರೇಡಿಯೇಷನ್‌ಗೆ ಇನ್ನೊಂದು ಕಡೆ ಓಡುವಷ್ಟರಲ್ಲಿ ತಿಂಗಳುಗಳು ಹೋಗುತ್ತವೆ.

ಯಾರೂ ಬಾಯಿಬಿಟ್ಟು ಹೇಳದ ಕೆಲವು ಮಾತು. ಸೊಂಟಕ್ಕೆ ರೇಡಿಯೇಷನ್ ಬಿದ್ದರೆ ಅಂಡಾಶಯ ಕೆಲಸ ನಿಲ್ಲಿಸುತ್ತದೆ, 35 ವರ್ಷದವಳಿಗೂ ಮುಟ್ಟು ನಿಂತವರ ಹಾಗೆ ಮೈ ಬಿಸಿ, ನಿದ್ದೆ ಇಲ್ಲದಿರುವುದು, ಮೂಳೆ ಸವೆತ ಶುರುವಾಗುತ್ತದೆ. ಚಿಕ್ಕ ವಯಸ್ಸಿನವರಿಗೆ ಆಪರೇಷನ್ ಸಮಯದಲ್ಲೇ ಅಂಡಾಶಯವನ್ನು ಮೇಲಕ್ಕೆ ಸರಿಸಿ ಇಡಬಹುದು. ಇದನ್ನೂ ಆಪರೇಷನ್‌ಗೆ ಮೊದಲೇ ಕೇಳಬೇಕು, ಆಮೇಲೆ ಕೇಳಿ ಪ್ರಯೋಜನ ಇಲ್ಲ. ಯೋನಿ ಒಣಗಿ ಕಿರಿದಾಗುತ್ತದೆ. ಅದು ಮುಚ್ಚಿಕೊಳ್ಳದ ಹಾಗೆ ಡೈಲೇಟರ್ ಎಂಬ ಸಣ್ಣ ಉಪಕರಣ ಬಳಸಲು ಹೇಳಿಕೊಡುತ್ತಾರೆ, ಹೇಳಿಕೊಡದಿದ್ದರೆ ನರ್ಸಕ್ಕನನ್ನು ಕೇಳಿ. ಬರೀ ದಾಂಪತ್ಯಕ್ಕೆ ಅಂತಲ್ಲ, ಮುಂದೆ ಡಾಕ್ಟರು ಒಳಗೆ ನೋಡಿ ಪರೀಕ್ಷೆ ಮಾಡಲೂ ಜಾಗ ಬೇಕು. ಗಂಡಂದಿರೂ ಇದನ್ನು ತಿಳಿದುಕೊಳ್ಳಬೇಕು. ನಾಚಿಕೆಯಿಂದ ಸುಮ್ನೆ ಕೂತ ಹೆಂಗಸು ವರ್ಷಗಟ್ಟಲೆ ನೋವು ತಿನ್ನುತ್ತಾಳೆ.

ಇನ್ನೊಂದು ಆಸ್ಪತ್ರೆಯಲ್ಲಿ ಅಭಿಪ್ರಾಯ ಕೇಳಬೇಕು ಅನ್ನಿಸಿದರೆ ಬರೀ ರಿಪೋರ್ಟ್ ಕಾಗದ ಸಾಲದು. ತೆಗೆದ ಮಾಂಸವನ್ನು ಮೇಣದಲ್ಲಿ ಕೂರಿಸಿದ ಸಣ್ಣ ಬಿಲ್ಲೆಗಳು ಇರುತ್ತವೆ, ಬ್ಲಾಕ್ ಅನ್ನುತ್ತಾರೆ, ಜೊತೆಗೆ ಗಾಜಿನ ಸ್ಲೈಡುಗಳು. ಆಪರೇಷನ್ ಮಾಡಿದ ಆಸ್ಪತ್ರೆಯ ಲ್ಯಾಬಿನಲ್ಲಿ ಅರ್ಜಿ ಕೊಟ್ಟು ಇವನ್ನು ಕೇಳಿ ಪಡೆಯಬಹುದು. ಬ್ಲಾಕಿನ ಮೇಲಿನ ನಂಬರೂ ರಿಪೋರ್ಟಿನ ನಂಬರೂ ಒಂದೇ ಇದೆಯಾ ಅಂತ ನೋಡಿಕೊಂಡು ತನ್ನಿ, ಬಿಸಿಲಿಗೆ ಕಾಯುವ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಮೇಣ ಕರಗುತ್ತದೆ. ನಾಳದಲ್ಲಿ ಕಣ ಇದೆಯಾ ಇಲ್ಲವಾ ಅನ್ನುವ ಒಂದು ಸಾಲು ಎರಡನೇ ಪೆಥಾಲಜಿಸ್ಟ್ ನೋಡಿದಾಗ ಬದಲಾಗಬಹುದು, ನಡುವಿನ ಗುಂಪಿನವರಿಗೆ ಆ ಒಂದು ಸಾಲಿನ ಮೇಲೆಯೇ ಐದು ವಾರದ ರೇಡಿಯೇಷನ್ ನಿಂತಿರುತ್ತದೆ.